ಎರಡನೇ ಮೆಸೇಜು

ಕೆಲಸ ಹೋದ ದಿನ ನನ್ನ ಲಿಂಕ್ಡ್‌ಇನ್ ಖಾತೆಯಲ್ಲಿ 1,140 ಜನ ಇದ್ದರು. ಆ ಸಂಖ್ಯೆ ನೋಡಿ ಸ್ವಲ್ಪ ಧೈರ್ಯ ಬಂತು. ಇಷ್ಟು ಜನರಲ್ಲಿ ಯಾರಾದರೂ ಒಬ್ಬರು ಕೈ ಹಿಡಿಯದೆ ಇರ್ತಾರಾ ಅಂದುಕೊಂಡೆ.

ನಾನು ಟೆಕ್ನಿಕಲ್ ರೈಟರ್. ಒಂದು ಸಾಫ್ಟ್‌ವೇರನ್ನು ಹೇಗೆ ಹಾಕಿಕೊಳ್ಳಬೇಕು, ಹೇಗೆ ಬಳಸಬೇಕು, ಕೈಕೊಟ್ಟರೆ ಏನು ಮಾಡಬೇಕು ಅಂತ ಬರೆದುಕೊಡುವುದು ನನ್ನ ಕೆಲಸ. ಒಂದೇ ಕಂಪನಿಯಲ್ಲಿ ಒಂಬತ್ತು ವರ್ಷ ಇದ್ದೆ. ಬೇರೆ ಕೆಲಸ ಹುಡುಕುವ ಅಗತ್ಯ ಬಂದಿರಲಿಲ್ಲ. ಹಾಗಾಗಿ ಆ 1,140 ಜನರ ಜೊತೆ ಮಾತಾಡುವ ಅಗತ್ಯವೂ ಬಂದಿರಲಿಲ್ಲ. ಯಾರೋ ರಿಕ್ವೆಸ್ಟ್ ಕಳಿಸುತ್ತಿದ್ದರು, ನಾನು ಒಪ್ಪಿಕೊಳ್ಳುತ್ತಿದ್ದೆ. ಅಲ್ಲಿಗೆ ಮುಗೀತು.

ಮೊದಲ ವಾರ ಒಂದು ಮೆಸೇಜ್ ಬರೆದು ಅರವತ್ತು ಜನರಿಗೆ ಕಳಿಸಿದೆ. ಹೆಸರು ಮಾತ್ರ ಬದಲಾಯಿಸುತ್ತಿದ್ದೆ. "ನಮಸ್ತೆ, ಹೇಗಿದ್ದೀರಿ? ನಾನು ಹೊಸ ಕೆಲಸ ಹುಡುಕುತ್ತಿದ್ದೇನೆ. ನಿಮ್ಮ ಕಡೆ ಏನಾದರೂ ಅವಕಾಶ ಇದ್ದರೆ ದಯವಿಟ್ಟು ತಿಳಿಸಿ." ಏಳು ಉತ್ತರ ಬಂದವು. ನಾಲ್ಕು ಜನ "ಖಂಡಿತ, ಇದ್ದರೆ ಹೇಳ್ತೀನಿ" ಅಂದರು. ಇಬ್ಬರು ನಮಗೆ ಎಲ್ಲಿ ಪರಿಚಯ ಅಂತ ಕೇಳಿದರು. ಒಬ್ಬರು ತಮ್ಮ ಕೋರ್ಸಿಗೆ ಸೇರಿ ಅಂತ ಲಿಂಕ್ ಕಳಿಸಿದರು. ಉಳಿದ ಐವತ್ಮೂರು ಜನರಿಂದ ಸುದ್ದಿಯೇ ಇಲ್ಲ.

ತುಂಬಾ ಬೇಜಾರಾಯ್ತು. ಜನ ಎಷ್ಟು ಬೇಗ ಮರೆತುಬಿಡುತ್ತಾರೆ ಅನ್ನಿಸಿತು. ತಿಂಗಳು ಕಳೆದ ಮೇಲೆ ಅದೇ ಮೆಸೇಜನ್ನು ಬೇರೆಯವರು ಬರೆದದ್ದು ಅನ್ನೋ ಥರ ಓದಿದೆ. ಆಗ ತೊಂದರೆ ಎಲ್ಲಿದೆ ಅಂತ ಕಂಡಿತು. ಅದನ್ನು ಓದಿದವರು ಏನು ಮಾಡಬೇಕು? ನನಗೆ ಎಂಥ ಕೆಲಸ ಬೇಕು ಅಂತ ಅದರಲ್ಲಿ ಇಲ್ಲ. ನಾನು ಏನನ್ನು ಚೆನ್ನಾಗಿ ಮಾಡ್ತೀನಿ ಅಂತ ಇಲ್ಲ. ಅವರನ್ನೇ ಯಾಕೆ ಕೇಳ್ತಿದ್ದೀನಿ ಅಂತಲೂ ಇಲ್ಲ. ಯೋಚಿಸುವ ಹೊರೆಯನ್ನೆಲ್ಲ ಅವರ ಮೇಲೆ ಹಾಕಿಬಿಟ್ಟಿದ್ದೆ. ಅವರು ಸುಮ್ಮನಿದ್ದದ್ದರಲ್ಲಿ ತಪ್ಪೇನೂ ಇರಲಿಲ್ಲ.

ಎರಡನೇ ವಾರ ಇಡೀ ಪಟ್ಟಿಯನ್ನು ಇಳಿಸಿಕೊಂಡೆ. ಲಿಂಕ್ಡ್‌ಇನ್‌ನ ಸೆಟ್ಟಿಂಗ್ಸ್‌ನಲ್ಲಿ ನಮ್ಮ ಡೇಟಾದ ಒಂದು ಪ್ರತಿ ಕೇಳಿ ಪಡೆಯಬಹುದು. ನಮ್ಮ ಕನೆಕ್ಷನ್‌ಗಳೆಲ್ಲ ಒಂದೇ ಫೈಲಿನಲ್ಲಿ ಬರುತ್ತವೆ. ಹೆಸರು, ಕಂಪನಿ, ಹುದ್ದೆ, ಯಾವ ದಿನ ಸೇರಿಕೊಂಡರು ಅನ್ನುವುದು ಎಲ್ಲ ಇರುತ್ತದೆ. ನಾಲ್ಕು ಸಂಜೆ ಕೂತು ಒಂದೊಂದೇ ಹೆಸರು ಓದಿದೆ. ಈ ವ್ಯಕ್ತಿ ಯಾರು ಅಂತ ನೆನಪಿದೆಯಾ? ನಾವಿಬ್ಬರೂ ಸೇರಿ ಏನಾದರೂ ಮಾಡಿದ್ದೀವಾ? ಇವಿಷ್ಟೇ ಪ್ರಶ್ನೆ.

41 ಜನರ ಜೊತೆ ನಿಜವಾಗಿ ಕೆಲಸ ಮಾಡಿದ್ದೆ. ಇನ್ನೂ 120 ಜನರ ಜೊತೆ ಒಂದೆರಡು ಸಲವಾದರೂ ಸರಿಯಾಗಿ ಮಾತಾಡಿದ್ದೆ. ಉಳಿದ 979 ಹೆಸರುಗಳು ಹೆಸರುಗಳಾಗಿಯೇ ಉಳಿದವು. ಮನುಷ್ಯ ನಿಜವಾಗಿ ನಿಭಾಯಿಸಬಲ್ಲ ಸಂಬಂಧಗಳು ಸುಮಾರು 150 ಅಂತ ಬ್ರಿಟನ್ನಿನ ಮಾನವಶಾಸ್ತ್ರಜ್ಞ ರಾಬಿನ್ ಡನ್‌ಬಾರ್ 1990ರ ದಶಕದಲ್ಲಿ ಲೆಕ್ಕ ಹಾಕಿದ್ದರು. ಕೋತಿ, ವಾನರಗಳ ಮೆದುಳಿನ ಗಾತ್ರಕ್ಕೂ ಅವುಗಳ ಗುಂಪಿನ ಗಾತ್ರಕ್ಕೂ ಇರುವ ನಂಟನ್ನು ನೋಡಿ ಅವರು ಅಲ್ಲಿಗೆ ಬಂದದ್ದು. ಆ ಸಂಖ್ಯೆಯ ಬಗ್ಗೆ ಆಮೇಲೆ ತಕರಾರುಗಳೂ ಎದ್ದಿವೆ. ಆದರೆ ನನ್ನ ಸ್ಪ್ರೆಡ್‌ಶೀಟಿನಲ್ಲಿ 161 ಅಂತ ಕಂಡಾಗ ಸುಮ್ಮನೆ ಅದನ್ನೇ ನೋಡುತ್ತಾ ಕೂತುಬಿಟ್ಟೆ.

ಆ 41 ಜನರಲ್ಲಿ ಒಬ್ಬರು ನನಗೆ ಮೊದಲು ಕೆಲಸ ಕಲಿಸಿದ ಹಿರಿಯರು. ಆರು ವರ್ಷದ ಹಿಂದೆ ಕಂಪನಿ ಬಿಟ್ಟಿದ್ದರು. ಆಮೇಲೆ ನಾನು ಒಂದು ಸಲವೂ ಅವರಿಗೆ ಬರೆದಿರಲಿಲ್ಲ. ಈಗ ಕಷ್ಟ ಬಂತು ಅಂತ ಬರೆಯೋದು ಹೇಗೆ? ಮೂರು ದಿನ ಇದೇ ಯೋಚನೆ. ಕೊನೆಗೆ ಕೆಲಸದ ಮಾತನ್ನೇ ಎತ್ತದೆ ಬರೆದೆ. "ಮೇಡಂ, ನೀವು ಒಮ್ಮೆ ನನ್ನ ಹದಿನಾಲ್ಕು ಪುಟದ ಕರಡನ್ನು ಆರು ಪುಟಕ್ಕೆ ಇಳಿಸಿ ತೋರಿಸಿದ್ದಿರಿ. ಇವತ್ತಿಗೂ ಬರೆಯಲು ಕೂತರೆ ಅದು ನೆನಪಾಗುತ್ತೆ. ನಮ್ಮ ಟೀಮನ್ನು ತೆಗೆದುಹಾಕಿದ್ದಾರೆ. ಮುಂದೆ ಯಾವ ಕಡೆ ಹೋಗಬೇಕು ಅನ್ನೋದರ ಬಗ್ಗೆ ನಿಮ್ಮ ಹತ್ತಿರ ಇಪ್ಪತ್ತು ನಿಮಿಷ ಮಾತಾಡಬೇಕು ಅಂತ ಆಸೆ."

ಅದೇ ಸಂಜೆ ಫೋನ್ ಮಾಡಿದರು. ಆರು ವರ್ಷ ಆಗಿಯೇ ಇಲ್ಲವೇನೋ ಅನ್ನುವ ಹಾಗೆ ಮಾತಾಡಿದರು.

ಹೀಗೆ ಬಿಟ್ಟುಹೋದ ನಂಟುಗಳ ಬಗ್ಗೆ 2011ರಲ್ಲಿ ಡೇನಿಯಲ್ ಲೆವಿನ್ ಅನ್ನುವ ಸಂಶೋಧಕರು ಮತ್ತು ಅವರ ಜೊತೆಗಾರರು ಒಂದು ಅಧ್ಯಯನ ಪ್ರಕಟಿಸಿದ್ದರು ಅಂತ ಆಮೇಲೆ ಓದಿದೆ. ಕೆಲಸದಲ್ಲಿರುವ ಮ್ಯಾನೇಜರುಗಳಿಗೆ, ವರ್ಷಗಟ್ಟಲೆ ಮಾತಿಲ್ಲದ ಹಳೆಯ ಪರಿಚಯದವರನ್ನು ಮತ್ತೆ ಮಾತಾಡಿಸಿ ಸಲಹೆ ಕೇಳಿ ಅಂದಿದ್ದರಂತೆ. ಈಗ ದಿನಾ ಒಡನಾಡುವವರ ಸಲಹೆಗಿಂತ ಅವರ ಸಲಹೆಯಲ್ಲಿ ಹೊಸತು ಜಾಸ್ತಿ ಸಿಕ್ಕಿತ್ತು. ನನಗಂತೂ ಇದು ಅನುಭವದಲ್ಲೇ ಗೊತ್ತಾಯ್ತು. ಆರು ವರ್ಷದಲ್ಲಿ ಮೇಡಂ ನಾನು ಕಾಣದ ಎಷ್ಟೋ ಜಾಗ ನೋಡಿದ್ದರು. ನನ್ನ ಮೇಲಿದ್ದ ವಿಶ್ವಾಸ ಮಾತ್ರ ಹಾಗೇ ಇತ್ತು.

ಅವರು ಕೇಳಿದ ಮೊದಲ ಪ್ರಶ್ನೆಗೇ ನನಗೆ ಉತ್ತರ ಸಿಗಲಿಲ್ಲ. "ನೀನು ಬರೆದದ್ದು ಎಲ್ಲಿದೆ? ಒಂದು ಲಿಂಕ್ ಕಳಿಸು, ನೋಡ್ತೀನಿ." ಒಂಬತ್ತು ವರ್ಷ ಬರೆದದ್ದೆಲ್ಲ ಕಂಪನಿಯ ಲಾಗಿನ್ ಹಿಂದೆ ಇತ್ತು. ಹೊರಗಿನವರಿಗೆ ತೋರಿಸಲು ನನ್ನ ಹತ್ತಿರ ಒಂದು ಪುಟವೂ ಇರಲಿಲ್ಲ. "ಹಾಗಾದರೆ ನಿನ್ನ ಬಗ್ಗೆ ನಾನು ಹೇಳೋದನ್ನ ಜನ ನಂಬಬೇಕಷ್ಟೆ" ಅಂದರು. ಬೈದದ್ದಲ್ಲ, ಇದ್ದದ್ದನ್ನು ಹೇಳಿದರು.

ಎರಡು ಕೆಲಸ ಹಚ್ಚಿದರು. ಒಂದು, ರೈಟ್ ದ ಡಾಕ್ಸ್ ಅನ್ನುವ ನಮ್ಮಂಥ ಬರೆಯುವವರ ಗುಂಪಿಗೆ ಸೇರು. ಇನ್ನೊಂದು, ಯಾವುದಾದರೂ ಓಪನ್ ಸೋರ್ಸ್, ಅಂದರೆ ಯಾರು ಬೇಕಾದರೂ ನೋಡಿ ತಿದ್ದಬಹುದಾದ, ಸಾಫ್ಟ್‌ವೇರಿಗೆ ಬರೆದುಕೊಡು, ಎಲ್ಲರಿಗೂ ಕಾಣುವ ಹಾಗೆ.

ಪ್ರೊಫೈಲ್ ತಿದ್ದಿದ ಕಥೆಯನ್ನು ಬೇಗ ಮುಗಿಸುತ್ತೇನೆ. ಹೆಸರಿನ ಕೆಳಗಿನ ಸಾಲಿಗೆ ಲಿಂಕ್ಡ್‌ಇನ್ 220 ಅಕ್ಷರಗಳ ಜಾಗ ಕೊಡುತ್ತದೆ. ನನ್ನದರಲ್ಲಿ "ಸೀನಿಯರ್ ಟೆಕ್ನಿಕಲ್ ರೈಟರ್" ಅಂತ ಮಾತ್ರ ಇತ್ತು. ಅದರ ಜೊತೆಗೆ ಯಾರಿಗಾಗಿ ಬರೆಯುತ್ತೇನೆ, ಯಾವುದನ್ನು ಚೆನ್ನಾಗಿ ಬಲ್ಲೆ ಅಂತ ಸೇರಿಸಿದೆ. ಒಂದು ಗಂಟೆಯ ಕೆಲಸ. ಕೆಲವರು ಇದಕ್ಕೇ ವಾರಗಟ್ಟಲೆ ಕಳೆಯುತ್ತಾರೆ. ಅಷ್ಟು ಬೇಕಿಲ್ಲ ಅಂತ ನನ್ನ ಅಭಿಪ್ರಾಯ.

ರೈಟ್ ದ ಡಾಕ್ಸ್ ಅನ್ನುವುದು ಸಾಫ್ಟ್‌ವೇರ್ ಕೈಪಿಡಿಗಳನ್ನು ಬರೆಯುವವರ ಜಾಗತಿಕ ಬಳಗ. 2013ರಲ್ಲಿ ಅಮೆರಿಕದ ಪೋರ್ಟ್‌ಲ್ಯಾಂಡ್‌ನಲ್ಲಿ ಒಂದು ಸಮ್ಮೇಳನವಾಗಿ ಶುರುವಾಯಿತು. ಈಗ ಸ್ಲ್ಯಾಕ್ ಅನ್ನುವ ಚಾಟ್ ಆ್ಯಪ್‌ನಲ್ಲಿ ಅದರ ಗುಂಪಿದೆ, ಸಾವಿರಾರು ಜನ ಇದ್ದಾರೆ. ಮೊದಲ ಮೂರು ವಾರ ನಾನು ಬರೀ ಓದಿದೆ. ಇದನ್ನು ಹೊಸಬರಿಗೆ ಒತ್ತಿ ಹೇಳುತ್ತೇನೆ. ಎಂಥ ಪ್ರಶ್ನೆಗೆ ಜನ ಖುಷಿಯಿಂದ ಉತ್ತರಿಸುತ್ತಾರೆ, ಎಂಥದ್ದು ಹಾಗೇ ಬಿದ್ದಿರುತ್ತದೆ ಅನ್ನುವುದು ಓದುತ್ತಾ ಹೋದರೆ ತಾನಾಗಿ ತಿಳಿಯುತ್ತದೆ. "ಒಳ್ಳೆ ಟೂಲ್ ಯಾವುದು?" ಅಂದರೆ ಯಾರೂ ಬರಲ್ಲ. "ನಾವು ಇಬ್ಬರೇ ಬರೆಯುವವರು, 200 ಪುಟ ಇದೆ, ಎಂಜಿನಿಯರುಗಳೂ ತಿದ್ದಬೇಕು, ಇದನ್ನು ಪ್ರಯತ್ನಿಸಿದೆವು, ಇಲ್ಲಿ ಸಿಕ್ಕಿಹಾಕಿಕೊಂಡೆವು" ಅಂದರೆ ನಾಲ್ಕು ಜನ ಬಂದು ಕೂರುತ್ತಾರೆ. 

ನಾಲ್ಕನೇ ವಾರ ನನಗೆ ಗೊತ್ತಿರುವ ವಿಷಯ ಒಂದು ಬಂತು. ಒಬ್ಬರಿಗೆ ವರ್ಡ್‌ನಲ್ಲಿದ್ದ ನಾಲ್ಕುನೂರು ಪುಟದ ಕೈಪಿಡಿಯನ್ನು ಮಾರ್ಕ್‌ಡೌನ್‌ಗೆ ತರಬೇಕಿತ್ತು. ಮಾರ್ಕ್‌ಡೌನ್ ಅಂದರೆ ಸಾದಾ ಅಕ್ಷರಗಳಲ್ಲೇ ಶೀರ್ಷಿಕೆ, ಪಟ್ಟಿ ಮುಂತಾದವನ್ನು ಗುರುತು ಮಾಡಿ ಬರೆಯುವ ಕ್ರಮ. ಜಾನ್ ಗ್ರೂಬರ್ 2004ರಲ್ಲಿ ಹೊರತಂದದ್ದು. ಇವರಿಗೆ ಕೋಷ್ಟಕಗಳೆಲ್ಲ ಒಡೆದುಹೋಗುತ್ತಿದ್ದವು. ನಾನು ಅದೇ ಕೆಲಸವನ್ನು ಎರಡು ಸಲ ಮಾಡಿದ್ದೆ. ಫೈಲನ್ನು ಒಂದು ರೂಪದಿಂದ ಇನ್ನೊಂದಕ್ಕೆ ಬದಲಾಯಿಸುವ ಪ್ಯಾನ್‌ಡಾಕ್ ಅನ್ನುವ ಟೂಲ್ ಬಳಸಿ, ಸಾದಾ ಕೋಷ್ಟಕಗಳು ಸರಿಯಾಗಿ ಬರುತ್ತವೆ, ಎರಡು ಮೂರು ಮನೆಗಳನ್ನು ಒಂದು ಮಾಡಿರುವ ಕೋಷ್ಟಕಗಳಿಗೆ ಮಾಮೂಲಿ ಮಾರ್ಕ್‌ಡೌನ್‌ನಲ್ಲಿ ಜಾಗವೇ ಇಲ್ಲ, ಅವನ್ನು ಮೊದಲೇ ಹುಡುಕಿ ಬೇರೆ ಇಟ್ಟು ಕೈಯಲ್ಲೇ ತಿದ್ದಿ ಅಂತ ಬರೆದೆ. ಅರ್ಧ ಗಂಟೆ ಹಿಡಿಯಿತು. ಅವರು ಥ್ಯಾಂಕ್ಸ್ ಅಂದರು. ನಾನು ಮರೆತೆ.

ಒಂಬತ್ತು ದಿನ ಆದ ಮೇಲೆ ಅವರಿಂದ ಇನ್ನೊಂದು ಮೆಸೇಜ್ ಬಂತು. "ನೀವು ಹೇಳಿದ ಹಾಗೇ ಮಾಡಿದೆ. ಹೆಚ್ಚಿನ ಕೋಷ್ಟಕಗಳು ಹಾಗೇ ಸರಿಹೋದವು. ಸುಮಾರು ನಲವತ್ತನ್ನು ಕೈಯಲ್ಲಿ ತಿದ್ದಿದೆ. ಚಿತ್ರಗಳು ಮಾತ್ರ ಬರಲಿಲ್ಲ. ಹುಡುಕಿದಾಗ ಪ್ಯಾನ್‌ಡಾಕ್‌ನಲ್ಲಿ ಎಕ್ಸ್‌ಟ್ರಾಕ್ಟ್-ಮೀಡಿಯಾ ಅಂತ ಒಂದು ಆಯ್ಕೆ ಸಿಕ್ಕಿತು. ಅದನ್ನು ಸೇರಿಸಿದರೆ ಚಿತ್ರಗಳು ಬೇರೆ ಫೋಲ್ಡರಿನಲ್ಲಿ ಬಂದು ಕೂರುತ್ತವೆ. ನಿಮಗೂ ಉಪಯೋಗ ಆಗಬಹುದು ಅಂತ ಹೇಳ್ತಿದ್ದೀನಿ."

ಇದನ್ನು ಓದಿ ನನಗಾದ ಸಂತೋಷವನ್ನು ಹೇಗೆ ಹೇಳಲಿ? ಅಲ್ಲಿಯವರೆಗೆ ನನ್ನ ಉತ್ತರ ಎಲ್ಲಿಗೆ ಹೋಗಿ ಬಿತ್ತು ಅಂತ ನನಗೇ ಗೊತ್ತಿರಲಿಲ್ಲ. ಈಗ ಅದು ಒಬ್ಬರ ಮೇಜಿನ ಮೇಲೆ ಕೆಲಸಕ್ಕೆ ಬಂದಿತ್ತು. ಮೇಲಾಗಿ, ಎರಡು ಸಲ ಮಾಡಿಯೂ ನನಗೆ ತಿಳಿಯದೆ ಹೋಗಿದ್ದ ಒಂದು ವಿಷಯ ನನಗೆ ಸಿಕ್ಕಿತ್ತು. ನಾನು ಪ್ರತಿ ಚಿತ್ರವನ್ನೂ ಒಂದೊಂದಾಗಿ ಉಳಿಸಿಕೊಂಡಿದ್ದೆ! ಆ ತಿಂಗಳು ನಾನು ಉತ್ತರ ಕೊಟ್ಟ ಬೇರೆಯವರ ಹೆಸರು ಈಗ ಒಂದೂ ನೆನಪಿಲ್ಲ. ಇವರ ಹೆಸರು ಮರೆತಿಲ್ಲ.

ಅವತ್ತು ರಾತ್ರಿ ನನ್ನದೇ ಹಳೆಯ ಮೇಲ್‌ಗಳನ್ನು, ಚಾಟ್‌ಗಳನ್ನು ತೆಗೆದು ನೋಡಿದೆ. ಒಂಬತ್ತು ವರ್ಷದಲ್ಲಿ ಹೊರಗಿನವರ ಹತ್ತಿರ ನಾನು ಸಹಾಯ ಕೇಳಿದ್ದು 31 ಸಲ. 26 ಸಲ ಉತ್ತರ ಸಿಕ್ಕಿತ್ತು. ಆ ಉತ್ತರದಿಂದ ಏನಾಯ್ತು ಅಂತ ಮರಳಿ ಹೋಗಿ ಹೇಳಿದ್ದು ಮೂರೇ ಸಲ. ಥ್ಯಾಂಕ್ಸ್ ಅಂತ ಪ್ರತಿ ಸಲವೂ ಹೇಳಿದ್ದೆ, ಅದರಲ್ಲಿ ಕೊರತೆ ಇರಲಿಲ್ಲ. ಆದರೆ ಥ್ಯಾಂಕ್ಸ್ ಹೇಳುವ ಹೊತ್ತಿಗೆ ನಾನು ಇನ್ನೂ ಏನನ್ನೂ ಮಾಡಿಯೇ ಇರುತ್ತಿರಲಿಲ್ಲ. ಕೊಟ್ಟವರಿಗೆ ತಮ್ಮ ಮಾತು ಚಿಗುರಿತಾ, ಒಣಗಿತಾ ಅಂತ ಗೊತ್ತಾಗಲೇ ಇಲ್ಲ. ನೂರಾರು ಜನರ ಪರಿಚಯ ಇದ್ದೂ ಯಾಕೆ ಯಾರೂ ಹತ್ತಿರ ಆಗಲಿಲ್ಲ ಅನ್ನುವುದು ಆಗ ಅರ್ಥವಾಯಿತು. ನಾನು ಎಲ್ಲ ಮಾತುಗಳನ್ನೂ ಅರ್ಧಕ್ಕೇ ಬಿಟ್ಟು ಎದ್ದು ಬಂದಿದ್ದೆ.

ಉಳಿದ 23 ಜನರಿಗೆ ಬರೆಯಲು ಕೂತೆ. ಕೆಲವು ನಾಲ್ಕೈದು ವರ್ಷ ತಡ. ಏನನ್ನೂ ಕೇಳಬಾರದು ಅಂತ ನಿಯಮ ಹಾಕಿಕೊಂಡಿದ್ದೆ. ಒಬ್ಬರಿಗೆ ಬರೆದದ್ದು ಹೀಗಿತ್ತು: "ಎಂಜಿನಿಯರುಗಳು ನನ್ನ ಕರಡು ಓದುವುದೇ ಇಲ್ಲ ಅಂತ ನಾಲ್ಕು ವರ್ಷದ ಹಿಂದೆ ನಿಮ್ಮ ಹತ್ತಿರ ಹೇಳಿಕೊಂಡಿದ್ದೆ. ಇಡೀ ಕರಡು ಕಳಿಸಬೇಡಿ, ಮೂರು ಪ್ರಶ್ನೆ ಮಾತ್ರ ಕಳಿಸಿ ಅಂದಿರಿ. ಅವತ್ತಿನಿಂದ ಹಾಗೇ ಮಾಡಿದೆ. ಅದೇ ದಿನ ಉತ್ತರ ಬರುವುದು ಮಾಮೂಲಾಯಿತು. ಇದನ್ನು ನಿಮಗೆ ಹೇಳಲು ಇಷ್ಟು ತಡ ಮಾಡಿದ್ದಕ್ಕೆ ಕ್ಷಮಿಸಿ." 23ರಲ್ಲಿ 17 ಜನ ಉತ್ತರಿಸಿದರು. ಕೆಲವರ ಉತ್ತರ ನನ್ನ ಮೆಸೇಜಿಗಿಂತ ಉದ್ದ ಇತ್ತು. ಅರವತ್ತಕ್ಕೆ ಏಳು ಬಂದಿದ್ದನ್ನು ನೆನೆಸಿಕೊಳ್ಳಿ.

ಬರೆಯುವ ಮುಂಚೆ ನನಗಿದ್ದ ಅಳುಕು ಎಲ್ಲರಿಗೂ ಇರುವಂಥದ್ದೇ. 2022ರಲ್ಲಿ ಪೆಗ್ಗಿ ಲಿಯು ಅನ್ನುವ ಸಂಶೋಧಕಿ ಮತ್ತು ಜೊತೆಗಾರರು ಪ್ರಕಟಿಸಿದ ಪ್ರಯೋಗಗಳಲ್ಲಿ ಇದೇ ಕಂಡುಬಂತು. ಸುಮ್ಮನೆ ನೆನಪಿಸಿಕೊಂಡು ಮಾತಾಡಿಸಿದರೆ ಎದುರಿನವರಿಗೆ ಎಷ್ಟು ಸಂತೋಷವಾಗುತ್ತದೆ ಅನ್ನುವುದನ್ನು ಮಾತಾಡಿಸುವವರು ಕಡಿಮೆಯಾಗಿಯೇ ಅಂದಾಜು ಮಾಡುತ್ತಾರೆ. ನಿರೀಕ್ಷೆ ಇಲ್ಲದಾಗ ಬಂದ ಮಾತಿಗೆ ಸಂತೋಷ ಇನ್ನೂ ಜಾಸ್ತಿ.

ಇದೇ ಸಮಯದಲ್ಲಿ ಓಪನ್ ಸೋರ್ಸ್ ಕೆಲಸವೂ ಶುರುವಾಗಿತ್ತು. ಒಂದು ಸಣ್ಣ ಟೂಲನ್ನು ನನ್ನ ಕಂಪ್ಯೂಟರಿಗೆ ಹಾಕಿಕೊಳ್ಳಲು ಹೋದೆ. ಅವರೇ ಬರೆದ ಹೆಜ್ಜೆಗಳನ್ನು ಅನುಸರಿಸಿದರೂ ಆಗಲಿಲ್ಲ. ಮೂರನೇ ಹೆಜ್ಜೆಗೂ ನಾಲ್ಕನೆಯದಕ್ಕೂ ನಡುವೆ ಒಂದು ಹೆಜ್ಜೆ ಬಿಟ್ಟುಹೋಗಿತ್ತು. ಬರೆದವರಿಗೆ ಅದು ಅಭ್ಯಾಸವಾಗಿದ್ದರಿಂದ ಕಂಡಿರಲಿಲ್ಲ. ಇಂಥ ಸಾಫ್ಟ್‌ವೇರುಗಳನ್ನು ಇಟ್ಟಿರುವ ಗಿಟ್‌ಹಬ್ ಅನ್ನುವ ತಾಣದಲ್ಲಿ ಆ ಪುಟವನ್ನು ತಿದ್ದಿ ಪುಲ್ ರಿಕ್ವೆಸ್ಟ್ ಕಳಿಸಿದೆ. ಅಂದರೆ ನನ್ನ ತಿದ್ದುಪಡಿಯನ್ನು ಸೇರಿಸಿಕೊಳ್ಳಿ ಅಂತ ಕೇಳುವುದು.

ಪರಿಶೀಲಿಸಿದವರು ಬಹಳ ಖಡಕ್. ಮೂರು ಸಲ ವಾಪಸ್ ಕಳಿಸಿದರು. "ಒಂದು ಹೆಜ್ಜೆಯಲ್ಲಿ ಒಂದೇ ಕೆಲಸ ಹೇಳಿ. ನಿಮ್ಮ ಐದನೆಯದರಲ್ಲಿ ಮೂರಿವೆ." ಒಂಬತ್ತು ವರ್ಷ ಇದೇ ಕೆಲಸ ಮಾಡಿದವರಿಗೆ ಇದನ್ನು ಕೇಳಿಸಿಕೊಳ್ಳುವುದು ಸುಲಭ ಅಲ್ಲ. ಆದರೆ ಅವರು ಹೇಳಿದ್ದು ಸರಿ ಇತ್ತು. ಬಿಡಿಸಿ ಬರೆದೆ. ನಾಲ್ಕನೇ ಸಲ ಒಪ್ಪಿದರು.

ಒಂದೂವರೆ ತಿಂಗಳು ಬಿಟ್ಟು ನಾನೇ ಮತ್ತೆ ಹೋದೆ. ಆ ಟೂಲಿನ ದೂರುಗಳ ಪಟ್ಟಿಯಲ್ಲಿ, ಹಾಕಿಕೊಳ್ಳಲು ಆಗುತ್ತಿಲ್ಲ ಅನ್ನುವವು ಮೊದಲು ಎಷ್ಟು ಬರುತ್ತಿದ್ದವು, ಈಗ ಎಷ್ಟು ಅಂತ ಎಣಿಸಿದೆ. ಹಿಂದಿನ ಆರು ವಾರದಲ್ಲಿ ಹನ್ನೊಂದು, ತಿದ್ದಿದ ಮೇಲಿನ ಆರು ವಾರದಲ್ಲಿ ಎರಡು. ಅದನ್ನು ಬರೆದು, "ನೀವು ಮೂರು ಸಲ ವಾಪಸ್ ಕಳಿಸಿದ್ದರಿಂದ ಇದಾಯ್ತು" ಅಂದೆ. ಅಷ್ಟು ದಿನ ಎರಡು ಸಾಲಿಗಿಂತ ಜಾಸ್ತಿ ಮಾತಾಡದವರು ಆವತ್ತು ಉದ್ದದ ಉತ್ತರ ಬರೆದರು. ಬಿಡುವಿನಲ್ಲಿ ಈ ಟೂಲನ್ನು ನೋಡಿಕೊಳ್ಳುತ್ತಾರಂತೆ. ವರ್ಷಗಳಲ್ಲಿ ಯಾರೂ ಹೀಗೆ ಲೆಕ್ಕ ಕೊಟ್ಟಿರಲಿಲ್ಲವಂತೆ. ಆಮೇಲೆ ಅವರ ಜೊತೆ ಇನ್ನೂ ಮೂರು ಪುಟ ಸರಿಮಾಡಿದೆ. ತೋರಿಸಲು ಲಿಂಕೇ ಇಲ್ಲದ ನನ್ನ ಹತ್ತಿರ ಈಗ ನಾಲ್ಕು ಇದ್ದವು. ಪ್ರತಿಯೊಂದರಲ್ಲೂ ನಾನು ಏನು ಬರೆದೆ, ಅವರು ಏನು ಕೇಳಿದರು, ನಾನು ಹೇಗೆ ತಿದ್ದಿದೆ ಅನ್ನುವುದೆಲ್ಲ ಯಾರು ಬೇಕಾದರೂ ಓದಬಹುದಾಗಿತ್ತು.

ಫಲ ಕೊಡದ ಒಂದು ಪ್ರಯತ್ನವನ್ನೂ ಹೇಳಬೇಕು. ದಿನಾ ಏನಾದರೂ ಪೋಸ್ಟ್ ಮಾಡಿದರೆ ಜನ ಗುರುತಿಸುತ್ತಾರೆ ಅಂತ ಕೇಳಿ ಒಂದು ತಿಂಗಳು ಪ್ರತಿ ದಿನ ಬರೆದೆ. ಲೈಕ್‌ಗಳು ಬಂದವು. ಆದರೆ ಒಂದೂ ಮಾತುಕತೆಯಾಗಿ ಬೆಳೆಯಲಿಲ್ಲ. ದಿನಾ ಬರೆಯಬೇಕು ಅಂದಾಗ ಗೊತ್ತಿಲ್ಲದ್ದನ್ನೂ ಗೊತ್ತಿರುವ ಹಾಗೆ ಬರೆಯಬೇಕಾಗುತ್ತದೆ. ಅದು ನನಗೆ ಹಿಡಿಸಲಿಲ್ಲ. ಅದನ್ನು ನಿಲ್ಲಿಸಿ, ಆ ಹನ್ನೊಂದು ಎರಡಕ್ಕೆ ಇಳಿದ ಕಥೆಯನ್ನು ಒಮ್ಮೆ ವಿವರವಾಗಿ ಬರೆದೆ. ಲೈಕ್ ಕಡಿಮೆ ಬಂತು. ಆದರೆ ಮೂವರು ನೇರವಾಗಿ ಬರೆದು, ನಮ್ಮಲ್ಲೂ ಇದೇ ತೊಂದರೆ ಇದೆ, ಹೇಗೆ ಎಣಿಸಿದಿರಿ ಅಂತ ಕೇಳಿದರು.

ಈ ನಡುವೆ ಒಂದು ಮೋಸಕ್ಕೆ ಇನ್ನೇನು ಬೀಳಲಿದ್ದೆ. ಒಬ್ಬ ರೆಕ್ರೂಟರ್ ಮೆಸೇಜ್ ಮಾಡಿದರು. ಪ್ರೊಫೈಲ್ ಚೆನ್ನಾಗಿತ್ತು, ನಾಲ್ಕೈದು ಜನ ಇಬ್ಬರಿಗೂ ಪರಿಚಯದವರಿದ್ದರು. ಇಂಟರ್‌ವ್ಯೂ ಪೂರ್ತಿ ಚಾಟ್‌ನಲ್ಲೇ. ಮುಖ ತೋರಿಸಲಿಲ್ಲ, ದನಿಯೂ ಕೇಳಿಸಲಿಲ್ಲ. ಎರಡೇ ದಿನಕ್ಕೆ ಆಫರ್ ಲೆಟರ್ ಬಂತು. ನಾಲ್ಕು ತಿಂಗಳಿಂದ ಕೆಲಸ ಇಲ್ಲದವರಿಗೆ ಆ ಕಾಗದ ನೋಡಿದರೆ ಏನಾಗುತ್ತೆ ಅಂತ ಅನುಭವಿಸಿದವರಿಗೇ ಗೊತ್ತು. ಆಮೇಲೆ, ಲ್ಯಾಪ್‌ಟಾಪ್ ಕಳಿಸಲು ಮುಂಗಡ ಕಟ್ಟಿ, ಬ್ಯಾಂಕ್ ವಿವರ ಕೊಡಿ ಅಂದರು. ಅಲ್ಲಿ ನಿಂತೆ. ಮೇಲ್ ವಿಳಾಸವನ್ನು ಅಕ್ಷರ ಅಕ್ಷರ ಓದಿದೆ. ಕಂಪನಿಯ ಹೆಸರಿನಲ್ಲಿ ಒಂದು ಅಕ್ಷರ ಜಾಸ್ತಿ ಇತ್ತು. ಸ್ಲ್ಯಾಕ್ ಗುಂಪಿನಲ್ಲಿ ಕೇಳಿದೆ. ಹತ್ತು ನಿಮಿಷದಲ್ಲಿ ಇನ್ನಿಬ್ಬರು, ನಮಗೂ ಇದೇ ಕಾಗದ ಬಂದಿದೆ ಅಂದರು. ಕಂಪನಿಯ ಸ್ವಂತ ವೆಬ್‌ಸೈಟಿನಲ್ಲಿದ್ದ ವಿಳಾಸಕ್ಕೆ ಬರೆದಾಗ, ಆ ಹೆಸರಿನವರು ತಮ್ಮಲ್ಲಿ ಇಲ್ಲ ಅಂತ ಉತ್ತರ ಬಂತು. ಪರಿಚಯದವರು ಅವರ ಪಟ್ಟಿಯಲ್ಲಿದ್ದಾರೆ ಅನ್ನೋದು ಯಾವ ಭರವಸೆಯೂ ಅಲ್ಲ. ಆ ಪರಿಚಯದವರೂ ನನ್ನ ಹಾಗೇ ನೋಡದೆ ಒಪ್ಪಿಕೊಂಡಿರುತ್ತಾರೆ. ನನ್ನ 979 ಹೆಸರುಗಳಲ್ಲಿ ಇಂಥವರು ಎಷ್ಟಿದ್ದರೋ. ಆ ವಾರವೇ ತುಂಬಾ ಹೆಸರುಗಳನ್ನು ತೆಗೆದುಹಾಕಿದೆ.

ಕೆಲಸ ಬಂದದ್ದು ಆರನೇ ತಿಂಗಳು. ಕೊಡಿಸಿದವರು ನನ್ನ 41 ಜನರಲ್ಲಿ ಯಾರೂ ಅಲ್ಲ. ಆ ಪ್ಯಾನ್‌ಡಾಕ್ ಪ್ರಶ್ನೆ ಕೇಳಿದವರು. ಅವರ ಜೊತೆ ನಾನು ಒಟ್ಟು ಮಾತಾಡಿದ್ದು ನಾಲ್ಕು ಸಲ. "ನಮ್ಮ ಟೀಮಿನಲ್ಲಿ ಒಬ್ಬರು ಬಿಡ್ತಿದ್ದಾರೆ. ಜಾಹೀರಾತು ಇನ್ನೂ ಹಾಕಿಲ್ಲ. ನಿಮಗೆ ಆಸಕ್ತಿ ಇದೆಯಾ?" ಅಂತ ಬರೆದರು.

ಹತ್ತಿರದವರಿಂದ ಬರದೆ ಅಷ್ಟೇನೂ ಗೊತ್ತಿಲ್ಲದವರಿಂದ ಕೆಲಸ ಬಂದದ್ದು ನನಗೆ ಆಶ್ಚರ್ಯವೆನಿಸಿತು. ಆದರೆ ಇದು ಹಳೆಯ ಸಂಗತಿ. ಮಾರ್ಕ್ ಗ್ರನೊವೆಟರ್ ಅನ್ನುವ ಸಮಾಜಶಾಸ್ತ್ರಜ್ಞ ಬಾಸ್ಟನ್ ಹತ್ತಿರದ ನ್ಯೂಟನ್‌ನಲ್ಲಿ, ಪರಿಚಯದವರ ಮೂಲಕ ಕೆಲಸ ಸಿಕ್ಕಿದವರನ್ನು ಮಾತಾಡಿಸಿ 1973ರಲ್ಲಿ ಬರೆದಿದ್ದರು. ಕೆಲಸದ ಸುದ್ದಿ ಕೊಟ್ಟವರನ್ನು ಆಗಾಗ ನೋಡುತ್ತಿದ್ದೆವು ಅಂದವರು ಶೇ. 16.7 ಮಾತ್ರ. ಯಾವಾಗಲಾದರೊಮ್ಮೆ ಅಂದವರು ಶೇ. 55.6. ಅಪರೂಪಕ್ಕೆ ಅಂದವರು ಶೇ. 27.8. ಕಾರಣ ಸರಳ. ಆಪ್ತರೆಲ್ಲ ಒಂದೇ ವಲಯದಲ್ಲಿ ಓಡಾಡುತ್ತಾರೆ, ಅವರಿಗೆ ಗೊತ್ತಿರುವುದು ನಮಗೂ ಗೊತ್ತಿರುತ್ತದೆ. ಹೊಸ ಸುದ್ದಿ ಬರುವುದು ಬೇರೆ ವಲಯದಲ್ಲಿ ಒಂದು ಕಾಲಿಟ್ಟವರಿಂದ. ನನ್ನ 41 ಜನರೂ ಹೆಚ್ಚುಕಡಿಮೆ ಒಂದೇ ಕಂಪನಿಯವರು, ಅವರಲ್ಲೂ ಎಷ್ಟೋ ಜನ ನನ್ನ ಜೊತೆಯಲ್ಲೇ ಕೆಲಸ ಕಳೆದುಕೊಂಡಿದ್ದರು.

2022ರಲ್ಲಿ ಇದನ್ನು ದೊಡ್ಡ ಪ್ರಮಾಣದಲ್ಲಿ ಮತ್ತೆ ನೋಡಿದರು. ಐದು ವರ್ಷದ ಅವಧಿಯಲ್ಲಿ ಎರಡು ಕೋಟಿ ಲಿಂಕ್ಡ್‌ಇನ್ ಬಳಕೆದಾರರ ಮೇಲೆ ನಡೆದ ಪ್ರಯೋಗಗಳನ್ನು ಸಂಶೋಧಕರು ಸೈನ್ಸ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಹೊಸ ಕೆಲಸಕ್ಕೆ ಹೆಚ್ಚು ನೆರವಾದದ್ದು ತೀರಾ ಹತ್ತಿರದ ನಂಟೂ ಅಲ್ಲ, ತೀರಾ ತೆಳುವಾದದ್ದೂ ಅಲ್ಲ, ನಡುವಿನದು. ನಾಲ್ಕು ಸಲ ಮಾತಾಡಿದವರು ಸರಿಯಾಗಿ ಅಲ್ಲೇ ಬರುತ್ತಾರೆ ಅಂತ ನನಗನ್ನಿಸುತ್ತದೆ. ಪೂರ್ತಿ ಅಪರಿಚಿತರಾಗಿದ್ದರೆ ಅವರು ನನ್ನ ಹೆಸರು ಹೇಳುತ್ತಿರಲಿಲ್ಲ.

ಹೆಸರು ಹೇಳಲು ಅವರಿಗೆ ಸುಲಭವಾಗಲಿ ಅಂತ ಈ ಸಲ ಸರಿಯಾಗಿ ಬರೆದೆ. ನಾನು ಏನು ಮಾಡಿದ್ದೇನೆ ಅನ್ನುವ ಮೂರು ವಾಕ್ಯ, ಅವರು ಹಾಗೇ ಮುಂದೆ ಕಳಿಸಬಹುದಾದ್ದು. ನಾಲ್ಕು ಲಿಂಕ್. ರೆಸ್ಯೂಮೆ. ಕೊನೆಗೆ, "ನಿಮಗೆ ಸರಿ ಅನ್ನಿಸದಿದ್ದರೆ ಕಳಿಸಬೇಡಿ, ನನಗೆ ಬೇಜಾರಿಲ್ಲ." ಅವರ ಮಾತಿನಿಂದ ಬಾಗಿಲು ತೆರೆಯಿತು, ಅಷ್ಟೇ. ಆಮೇಲೆ ಎರಡು ಗಂಟೆಯ ಬರವಣಿಗೆ ಪರೀಕ್ಷೆ ಇತ್ತು, ಮೂರು ಇಂಟರ್‌ವ್ಯೂ ಇದ್ದವು. ಪರೀಕ್ಷೆಯಲ್ಲಿ ಒಂದು ಗೊಂದಲದ ಪುಟ ಕೊಟ್ಟು ಬಿಡಿಸಲು ಹೇಳಿದರು. ಡ್ಯಾನಿಯೆಲೆ ಪ್ರೊಸೀಡಾ ರೂಪಿಸಿದ ಡಯಾಟ್ಯಾಕ್ಸಿಸ್ ಕ್ರಮವನ್ನು ಸ್ಲ್ಯಾಕ್ ಗುಂಪಿನಲ್ಲೇ ಕಲಿತಿದ್ದೆ. ಕಲಿಸುವ ಪಾಠ, ಕೆಲಸ ಮಾಡಿಸುವ ಹೆಜ್ಜೆಗಳು, ಹುಡುಕಿ ನೋಡುವ ವಿವರ, ಕಾರಣ ತಿಳಿಸುವ ಬರಹ ಅಂತ ನಾಲ್ಕನ್ನು ಬೇರೆ ಇಡುವುದು. ಆ ಪುಟ ನಾಲ್ಕಾಗಿ ಬಿಡಿಸಿಕೊಂಡಿತು.

ಕೆಲಸಕ್ಕೆ ಸೇರಿದ ಮೂರನೇ ತಿಂಗಳು ಆ ಪ್ಯಾನ್‌ಡಾಕ್ ಪ್ರಶ್ನೆ ಕೇಳಿದವರಿಗೂ, ಮೊದಲು ಫೋನ್ ಮಾಡಿದ ಮೇಡಂಗೂ, ಆ ಖಡಕ್ ಪರಿಶೀಲಕರಿಗೂ ಬರೆದೆ. ಕೆಲಸ ಸಿಕ್ಕಿತು ಅಂತ ಹಿಂದೆಯೇ ಹೇಳಿದ್ದೆ. ಈ ಸಲ ಹೇಳಿದ್ದು ಅವರಿಂದ ಕಲಿತ ಯಾವುದು ಇಲ್ಲಿ ಹೇಗೆ ಉಪಯೋಗಕ್ಕೆ ಬಂತು ಅಂತ.

ಈಗ ಶುಕ್ರವಾರ ಅರ್ಧ ಗಂಟೆ ಇದಕ್ಕೆ ಇಟ್ಟಿದ್ದೇನೆ. ಒಂದು ನೋಟ್‌ಬುಕ್ ಇದೆ. ಯಾರು, ಏನು ಹೇಳಿದರು, ಅದರಿಂದ ಏನಾಯಿತು. ಮೂರನೇ ಕಲಂ ಖಾಲಿ ಇದ್ದರೆ ಆ ಕೆಲಸವನ್ನು ನಾನು ಇನ್ನೂ ಮಾಡಿಲ್ಲ ಅಂತ ಅರ್ಥ. ತುಂಬಿದ ದಿನ ಬರೆದು ಕಳಿಸುತ್ತೇನೆ. ಸಲಹೆ ಫಲಿಸದಿದ್ದರೂ ಬರೆಯುತ್ತೇನೆ. "ನೀವು ಹೇಳಿದ್ದು ನಮ್ಮಲ್ಲಿ ಆಗಲಿಲ್ಲ, ಯಾಕೆಂದರೆ ಹೀಗೆ" ಅಂದರೆ ಜನ ಬೇಸರ ಮಾಡಿಕೊಳ್ಳುತ್ತಾರೆ ಅಂತ ಹೆದರಿದ್ದೆ. ಒಬ್ಬರೂ ಮಾಡಿಕೊಂಡಿಲ್ಲ. ಹೆಚ್ಚಿನ ಒಳ್ಳೆಯ ಮಾತುಕತೆಗಳು ಶುರುವಾದದ್ದೇ ಅಲ್ಲಿ. ಒಂದು ಗುಂಡಿ ಒತ್ತಿದರೆ ಹೋಗುವ ಅಭಿನಂದನೆಗಳನ್ನು ಪೂರ್ತಿ ಬಿಟ್ಟಿದ್ದೇನೆ. ಇಬ್ಬರನ್ನು ಪರಿಚಯ ಮಾಡಿಸುವ ಮುಂಚೆ ಇಬ್ಬರನ್ನೂ ಬೇರೆ ಬೇರೆಯಾಗಿ ಕೇಳುತ್ತೇನೆ. ಒಮ್ಮೆ ಕೇಳದೆ ಮಾಡಿಸಿ, ಬಿಡುವೇ ಇಲ್ಲದ ಒಬ್ಬರನ್ನು ಇಕ್ಕಟ್ಟಿಗೆ ಸಿಕ್ಕಿಸಿದ್ದೆ. ಅದು ಮತ್ತೆ ಆಗಬಾರದು.

ಕಳೆದ ತಿಂಗಳು ಈ ಕೆಲಸಕ್ಕೆ ಹೊಸದಾಗಿ ಬರುತ್ತಿರುವ ಒಬ್ಬರು, ತೋರಿಸಲು ನನ್ನ ಹತ್ತಿರ ಏನೂ ಇಲ್ಲ, ಎಲ್ಲಿಂದ ಶುರು ಮಾಡಲಿ ಅಂತ ಕೇಳಿದರು. ಹೀಗೆ ಕೇಳುವವರಿಗೆ ಕಳಿಸಲು ನಾನು ಒಂದು ಪುಟ ಬರೆದಿಟ್ಟಿದ್ದೇನೆ. ಸಣ್ಣ ಟೂಲ್ ಒಂದನ್ನು ಹಾಕಿಕೊಂಡು ನೋಡಿ, ಎಲ್ಲಿ ಎಡವಿದಿರೋ ಅಲ್ಲಿ ತಿದ್ದಿ ಕಳಿಸಿ ಅಂತ. ಅದನ್ನೇ ಕಳಿಸಿದೆ. ಹನ್ನೊಂದು ದಿನ ಆದ ಮೇಲೆ ಅವರ ಎರಡನೇ ಮೆಸೇಜ್ ಬಂತು. "ನೀವು ಹೇಳಿದ ಹಾಗೆ ತಿದ್ದಿ ನೇರವಾಗಿ ಕಳಿಸಿದೆ. ಅವರು ನೋಡದೆ ಮುಚ್ಚಿಬಿಟ್ಟರು. ಆಮೇಲೆ ಗೊತ್ತಾಯಿತು, ಮೊದಲು ತೊಂದರೆ ಏನು ಅಂತ ಬರೆದು ಒಪ್ಪಿಗೆ ಪಡೆಯಬೇಕು ಅಂತ ತಿದ್ದಿ ಕಳಿಸುವವರಿಗೆ ನಿಯಮ ಹೇಳುವ ಅವರ ಕಾಂಟ್ರಿಬ್ಯೂಟಿಂಗ್ ಫೈಲಿನಲ್ಲಿ ಇತ್ತು. ಈಗ ಹಾಗೆ ಮಾಡಿದೆ, ಸೇರಿಸಿಕೊಂಡರು. ನಿಮ್ಮ ಪುಟದಲ್ಲಿ ಇದು ಇರಲಿಲ್ಲ."

ನನ್ನ ಪುಟ ತೆರೆದು ನೋಡಿದೆ. ನಿಜ, ಇರಲಿಲ್ಲ. ಎರಡನೇ ಹೆಜ್ಜೆಗೂ ಮೂರನೆಯದಕ್ಕೂ ನಡುವೆ ಬಿಟ್ಟುಹೋಗಿತ್ತು. ಸೇರಿಸಿದೆ. ಸೇರಿಸಿ, ಅವರಿಗೆ ಬರೆದೆ.